ಮೂರನೆಯ ಜೋಡಿ

ಅಟ್ಟದ ಮೇಲೆ ಗೊಂಬೆಗಳ ಪೆಟ್ಟಿಗೆ ಮೂರಿವೆ ಎಂದು ಅತ್ತೆ ಹೇಳಿದ್ದರು. ಏಣಿ ಹತ್ತಿ ನಾನು ಇಳಿಸಿದ್ದು ನಾಲ್ಕು. ನಾಲ್ಕನೆಯದು ಪೆಟ್ಟಿಗೆ ಎನ್ನುವಷ್ಟು ದೊಡ್ಡದೂ ಅಲ್ಲ. ರೇಷ್ಮೆ ಸೀರೆ ಕೊಂಡಾಗ ಅಂಗಡಿಯವರು ಕೊಡುವ ಉದ್ದನೆಯ ರಟ್ಟಿನ ಡಬ್ಬ. ಅದರೊಳಗೆ ಹಳೆಯ ಬಿಳಿ ಪಂಚೆಯಲ್ಲಿ ಸುತ್ತಿಟ್ಟ ಒಂದು ಜೊತೆ ಪಟ್ಟದ ಗೊಂಬೆಗಳಿದ್ದವು. ಅತ್ತೆಯ ಜೋಡಿ ಮೊದಲನೆಯ ಪೆಟ್ಟಿಗೆಯಲ್ಲೇ ಸಿಕ್ಕಿತ್ತು. ಮದುವೆಯಲ್ಲಿ ಅಮ್ಮ ಕೊಟ್ಟಿದ್ದ ನನ್ನ ಜೋಡಿ ಕೋಣೆಯ ಬೀರುವಿನಲ್ಲಿತ್ತು. ಈ ಮೂರನೆಯದು ಯಾರದೆಂದು ನಾನು ಕೇಳಲಿಲ್ಲ. ಕೆಳಗೆ ಏಣಿ ಹಿಡಿದು ನಿಂತಿದ್ದ ಅತ್ತೆ ಒಮ್ಮೆ ಕೆಮ್ಮಿದರು.

ಮೈಸೂರು ಸೀಮೆಯವರಲ್ಲದ ಓದುಗರಿಗಾಗಿ ಇಲ್ಲಿ ಒಂದೆರಡು ಮಾತು ಹೇಳಬೇಕು. ನಮ್ಮ ಕಡೆ ಹೆಣ್ಣುಮಕ್ಕಳ ಮದುವೆಯಲ್ಲಿ ತವರಿನವರು ಒಂದು ಜೊತೆ ಮರದ ರಾಜ-ರಾಣಿ ಗೊಂಬೆಗಳನ್ನು ಕೊಡುವ ಪದ್ಧತಿಯಿದೆ. ಅವು ಸಾಮಾನ್ಯವಾಗಿ ರಕ್ತಚಂದನದವು, ತಿರುಪತಿಯ ಕಡೆಯಿಂದ ಬರುವಂಥವು. ಮಹಾಲಯ ಅಮಾವಾಸ್ಯೆ ಕಳೆದ ಮರುದಿನ, ನವರಾತ್ರಿಯ ಪಾಡ್ಯದಂದು, ಕಲಶದ ಜೊತೆಗೆ ಅವನ್ನು ಮೇಲಿನ ಮೆಟ್ಟಿಲಿನಲ್ಲಿ ಕೂರಿಸಿ, ಉಳಿದ ಗೊಂಬೆಗಳನ್ನು ಕೆಳಗಿನ ಮೆಟ್ಟಿಲುಗಳಲ್ಲಿ ಜೋಡಿಸುತ್ತೇವೆ. ವಿಜಯದಶಮಿಯ ರಾತ್ರಿ ಆರತಿಯಾದ ಮೇಲೆ ಪಟ್ಟದ ಗೊಂಬೆಗಳನ್ನು ಮಲಗಿಸಿ, ಆಮೇಲೆ ಒಳಗಿಡುತ್ತೇವೆ. ಮನೆಗೆ ಸೊಸೆ ಬಂದ ಹಾಗೆಲ್ಲ ಮೇಲಿನ ಮೆಟ್ಟಿಲಿನಲ್ಲಿ ಒಂದೊಂದು ಜೋಡಿ ಹೆಚ್ಚುತ್ತದೆ. ಆ ಮನೆಗೆ ಯಾವ ಯಾವ ಹೆಣ್ಣು ಬಂದಳು ಎಂಬುದನ್ನು ಆ ಮೆಟ್ಟಿಲನ್ನು ನೋಡಿಯೇ ಹೇಳಬಹುದು.

ನನ್ನ ಗಂಡನಿಗೆ ಇದು ಎರಡನೆಯ ಮದುವೆ, ನನಗೆ ಮೊದಲನೆಯದು. ಮದುವೆಯಾದಾಗ ನನಗೆ 26 ವರ್ಷ, ಇವರಿಗೆ 36. ನಮ್ಮದು ಹಿರಿಯರು ಹುಡುಕಿದ ಸಂಬಂಧವೂ ಅಲ್ಲ. ನಾನು ಕೆಲಸ ಮಾಡುವ ಆಡಿಟರ್ ಕಚೇರಿಗೆ ತೆರಿಗೆಯ ಕಾಗದಗಳನ್ನು ತರುತ್ತಿದ್ದವರನ್ನು ನೋಡಿ, ಮಾತಾಡಿ, ಒಂದು ವರ್ಷ ಯೋಚಿಸಿ, ನಾನೇ ಒಪ್ಪಿಕೊಂಡದ್ದು. ಆದರೂ ನಮ್ಮ ನೆಂಟರ ಬಾಯಲ್ಲಿ ಅದು ‘ಎರಡನೇ ಸಂಬಂಧಕ್ಕೆ ಕೊಟ್ಟರಂತೆ’ ಎಂದೇ ಆಯಿತು. ಕೊಟ್ಟರು ಎನ್ನುವಾಗ ಅವರ ದನಿ ಒಂದಿಷ್ಟು ತಗ್ಗುತ್ತಿತ್ತು. ಹುಡುಗಿಯಲ್ಲಿ ಏನಾದರೂ ಐಬಿತ್ತೇ, ಜಾತಕದಲ್ಲಿ ದೋಷವಿತ್ತೇ ಎಂಬ ಪ್ರಶ್ನೆಗಳನ್ನು ಅವರು ಅಮ್ಮನ ಮುಂದೆ ಕೇಳದೆ ಚಿಕ್ಕಪ್ಪನ ಹೆಂಡತಿಯ ಮುಂದೆ ಕೇಳುತ್ತಿದ್ದರು, ಅಷ್ಟೇ.

ಇವರು ಮೊದಲು ಮದುವೆಯಾಗಿದ್ದ ಆಕೆಯನ್ನು ಇಲ್ಲಿ ಏನೆಂದು ಕರೆಯಬೇಕು ಎಂಬುದೇ ನನ್ನ ಮೊದಲ ಕಷ್ಟ. ‘ಮಾಜಿ ಹೆಂಡತಿ’ ಎಂಬುದು ಪತ್ರಿಕೆಯವರ ಪದ. ಮಾಜಿ ಶಾಸಕ, ಮಾಜಿ ಸಚಿವ ಎಂಬ ಸಾಲಿನಲ್ಲಿ ಅದೂ ನಿಲ್ಲುತ್ತದೆ, ಯಾರ ಮನೆಯಲ್ಲೂ ಯಾರೂ ಹಾಗೆ ಮಾತಾಡುವುದಿಲ್ಲ. ‘ವಿಚ್ಛೇದಿತೆ’ ಎನ್ನುವುದು ಅರ್ಜಿಯ ಕಲಮಿನಲ್ಲಿ ತುಂಬುವ ಪದ. ‘ಸವತಿ’ ಎಂಬ ಹಳೆಯ ಪದವೊಂದಿದೆ, ಆದರೆ ಅದು ಒಂದೇ ಕಾಲದಲ್ಲಿ ಒಬ್ಬ ಗಂಡನಿಗೆ ಇಬ್ಬರಿರುವಾಗ ಹುಟ್ಟಿದ ಮಾತು. 1955ರ ಹಿಂದೂ ವಿವಾಹ ಕಾಯ್ದೆ ಅಂಥ ಎರಡನೆಯ ಮದುವೆಯನ್ನು ಅಸಿಂಧುವೆಂದಿತು. ಅದೇ ಕಾಯ್ದೆ ವಿಚ್ಛೇದನದ ಬಾಗಿಲನ್ನೂ ತೆರೆಯಿತು. 1976ರ ತಿದ್ದುಪಡಿಯಿಂದ ಇಬ್ಬರೂ ಒಪ್ಪಿ ಬೇರೆಯಾಗುವ ದಾರಿಯೂ ಸಿಕ್ಕಿತು. ಹೀಗೆ ಸವತಿಯನ್ನು ಮನೆಯಿಂದ ಕಳಿಸಿಕೊಟ್ಟ ಕಾನೂನು, ಬದುಕಿರುವ, ಬೇರೆ ಮನೆಯಲ್ಲಿರುವ, ಗಂಡನ ಮಗುವಿನ ತಾಯಿಯಾಗಿರುವ ಒಬ್ಬ ಹೆಂಗಸನ್ನು ನಮ್ಮ ನಡುವೆ ತಂದಿತು. ಅವಳಿಗೊಂದು ಮನೆಮಾತಿನ ಹೆಸರನ್ನು ಮಾತ್ರ ನಾವು ಈವರೆಗೆ ಮಾಡಿಕೊಂಡಿಲ್ಲ. ನಮ್ಮ ಮನೆಯಲ್ಲಿ ಮಾವ ‘ಆ ಹುಡುಗಿ’ ಎನ್ನುತ್ತಾರೆ. ನಾದಿನಿ ‘ಮೊದಲು’ ಎಂಬ ಒಂದೇ ಪದದಲ್ಲಿ ಮುಗಿಸುತ್ತಾಳೆ: ‘ಮೊದಲು ಇದ್ದಾಗ ಫ್ರಿಜ್ಜು ಆ ಕಡೆಗಿತ್ತು.’ ಅತ್ತೆ ಏನೂ ಹೇಳುವುದಿಲ್ಲ. ಮಾತು ಆ ಹೆಸರಿನ ಹತ್ತಿರ ಬಂದೊಡನೆ ಕೆಮ್ಮುತ್ತಾರೆ. ಅವರಿಗೆ ಉಬ್ಬಸವಿರಬಹುದೆಂದು ಮೊದಲ ತಿಂಗಳೆಲ್ಲ ನಾನು ಶುಂಠಿ ಕಷಾಯ ಮಾಡಿ ಕೊಟ್ಟಿದ್ದೇನೆ.

ನಮ್ಮ ತಾಯಿಯ ತಾಯಿ ಕೂಡ ಎರಡನೆಯ ಸಂಬಂಧಕ್ಕೆ ಬಂದವರೇ. ಹದಿನಾರರ ವಯಸ್ಸಿನಲ್ಲಿ, ಹೆಂಡತಿಯನ್ನು ಕಳೆದುಕೊಂಡಿದ್ದ ನಮ್ಮ ತಾತನನ್ನು ಮದುವೆಯಾದವರು. ಅವರ ತಾಳಿಯ ಸರದಲ್ಲಿ ಒಂದು ಸಣ್ಣ ಬಿಲ್ಲೆ ಇತ್ತು. ಅದು ತೀರಿಹೋದ ಹಿರಿಯಳ ಹೆಸರಿನಲ್ಲಿ ಧರಿಸಿದ್ದೆಂದು, ಹೊಸ ಸೀರೆ ಉಡುವ ಮುಂಚೆ ಅದಕ್ಕೆ ಅರಿಶಿನ ಕುಂಕುಮ ಹಚ್ಚಬೇಕೆಂದು ಅಜ್ಜಿ ಹೇಳುತ್ತಿದ್ದರು. ಪಿತೃಪಕ್ಷದಲ್ಲಿ ಅವಿಧವಾ ನವಮಿ ಬರುತ್ತದಲ್ಲ, ಮುತ್ತೈದೆಯಾಗಿ ಹೋದವರ ತಿಥಿ, ಆ ದಿನ ಅಜ್ಜಿ ಒಬ್ಬ ಮುತ್ತೈದೆಯನ್ನು ಕರೆದು, ಕೂರಿಸಿ, ಎಣ್ಣೆ ಸೀಗೆಕಾಯಿ ಕೊಟ್ಟು, ಊಟ ಹಾಕಿ, ರವಿಕೆ ಕಣ ಕೊಟ್ಟು ಕಳಿಸುತ್ತಿದ್ದರು. ತಾವು ಒಮ್ಮೆಯೂ ನೋಡಿರದ ಹೆಂಗಸಿಗಾಗಿ ಐವತ್ತು ವರ್ಷ ಹಾಗೆ ಮಾಡಿದರು. ಹಾಗೆಂದರೆ ಸತ್ತ ಮೊದಲ ಹೆಂಡತಿಗೆ ನಮ್ಮಲ್ಲಿ ಒಂದು ತಿಥಿಯಿದೆ, ಒಂದು ಬಿಲ್ಲೆಯಿದೆ, ಗೋಡೆಯ ಮೇಲೊಂದು ಪಟವಿದೆ. ಅವಳಿಗೆ ಎಷ್ಟು ಕೊಟ್ಟರೆ ಸಾಕು ಎಂಬ ಲೆಕ್ಕವನ್ನು ಹಿಂದಿನವರು ಮಾಡಿಟ್ಟುಹೋಗಿದ್ದಾರೆ. ಬದುಕಿರುವವಳಿಗೆ ಎಷ್ಟು ಎಂಬುದನ್ನು ಯಾರೂ ಹೇಳಿಲ್ಲ.

ಮದುವೆಗೆ ಮುಂಚೆ ಅಜ್ಜಿಯ ಹತ್ತಿರ ಹೋಗಿ ನನಗೆ ಭಯವಾಗುತ್ತದೆ ಎಂದಿದ್ದೆ. ಅವರು ಬಾಯಲ್ಲಿದ್ದ ಅಡಿಕೆಯನ್ನು ಒಂದು ಕೆನ್ನೆಗೆ ಸರಿಸಿ ಹೇಳಿದರು: “ಸತ್ತೋಳು ಯಾವತ್ತೂ ತಪ್ಪು ಮಾಡಲ್ಲ ಕಣೆ. ವರ್ಷ ಹೋದ ಹಾಗೆಲ್ಲ ಇನ್ನೂ ಒಳ್ಳೇವಳಾಗ್ತಾ ಹೋಗ್ತಾಳೆ. ನಿನ್ನೋಳು ಬದುಕಿದಾಳೆ, ಅವಳೂ ತಪ್ಪು ಮಾಡ್ತಾಳೆ. ನಿನ್ನ ಪುಣ್ಯ.”

ಆ ಪುಣ್ಯ ನನಗೆ ಬೇಗ ಕಾಣಿಸಲಿಲ್ಲ. ಮೊದಲ ವಾರಗಳಲ್ಲೇ ಒಂದು ಮಧ್ಯಾಹ್ನ ಸಾರು ಅನ್ನ ಉಣ್ಣುತ್ತ, ಮೆಚ್ಚಿಸಬೇಕೆಂಬ ಆಸೆಯೂ ಸೇರಿ, “ಅತ್ತೆ, ನಿಮ್ಮ ಸಾರಿನ ಪುಡಿಯ ಹದ ನಮ್ಮ ಮನೇಲಿ ಯಾರಿಗೂ ಬರಲ್ಲ” ಎಂದೆ. ಮಾವ ಮಜ್ಜಿಗೆಯ ಲೋಟವನ್ನು ಅಗತ್ಯಕ್ಕಿಂತ ಹೆಚ್ಚು ಹೊತ್ತು ಬಾಯಿಗೆ ಹಿಡಿದುಕೊಂಡರು. ಅತ್ತೆ ಕೆಮ್ಮಿದರು. ಇವರು ಎದ್ದು ಕೈ ತೊಳೆಯಲು ಹೋದರು. ಹತ್ತು ದಿನ ಕಳೆದು ಪುಡಿ ಮುಗಿದಾಗ, ಅಡುಗೆಮನೆಯ ಬೀರುವಿನ ಬಾಗಿಲಿನ ಒಳಮೈಗೆ ಅಂಟಿಸಿದ್ದ ಚೀಟಿಯನ್ನು ನಾನು ಮೊದಲ ಸಲ ನಿಂತು ಓದಿದೆ. ನೋಟುಪುಸ್ತಕದಿಂದ ಹರಿದ ಹಾಳೆ, ಎಣ್ಣೆಯ ಕೈ ತಾಗಿ ಅಂಚು ಅರೆಪಾರದರ್ಶಕವಾಗಿತ್ತು. ಗುಂಡು ಗುಂಡಾದ, ಬಲಕ್ಕೆ ವಾಲಿದ ಅಕ್ಷರಗಳು: ಕೊತ್ತಂಬರಿ ಬೀಜ 4 ಪಾವು, ಮೆಣಸು ಅರ್ಧ ಪಾವು, ಜೀರಿಗೆ ಅರ್ಧ ಪಾವು, ಮೆಂತ್ಯ ಕಾಲು ಪಾವು, ಬ್ಯಾಡಗಿ ಕಾಲು ಕೆ.ಜಿ. ಅದರ ಕೆಳಗೆ ‘ಗುಂಟೂರು ಒಂದು ಹಿಡಿ’ ಎಂದು ಬರೆದು, ಅದನ್ನು ಹೊಡೆದುಹಾಕಿ, ಪಕ್ಕದಲ್ಲಿ ಬೇರೆ ಶಾಯಿಯಲ್ಲಿ ಒಂದು ಸಾಲು: ‘ಅತ್ತೆಗೆ ಖಾರ ಆಗುತ್ತೆ, ಬೇಡ.’

ಆ ಸಾಲನ್ನು ನಾನು ಎಷ್ಟು ಹೊತ್ತು ನೋಡುತ್ತ ನಿಂತೆನೋ ತಿಳಿಯದು. ನೆಂಟರ ಮಾತಿನಿಂದ ನಾನು ಮನಸ್ಸಿನಲ್ಲಿ ಕಟ್ಟಿಕೊಂಡಿದ್ದ ಹೆಂಗಸು ಜಗಳಗಂಟಿ, ಹಟಮಾರಿ, ಮನೆ ಮುರಿದು ಹೋದವಳು. ಅಂಥವಳು ಅತ್ತೆಯ ಹೊಟ್ಟೆಯ ಉರಿಯನ್ನು ನೆನೆದು ಮೆಣಸಿನಕಾಯಿಯನ್ನು ಹೊಡೆದುಹಾಕುವುದಿಲ್ಲ. ಚೀಟಿಯನ್ನು ಕಿತ್ತು ಒಲೆಗೆ ಹಾಕಬೇಕೆಂದೂ ಅನ್ನಿಸಿತು, ಅದನ್ನು ಇಲ್ಲಿ ಮುಚ್ಚಿಡುವುದಿಲ್ಲ. ಕೊನೆಗೆ ಅದೇ ಲೆಕ್ಕದಲ್ಲಿ ಹುರಿದು ಮಿಲ್ಲಿಗೆ ಒಯ್ದೆ. ಮಿಲ್ಲಿನವನು ಡಬ್ಬದ ಮುಚ್ಚಳ ತೆಗೆದು ಮೂಸಿ, “ಆ ಮನೆಯ ಸಾರಿನ ಪುಡಿ ಅಲ್ವಾ? ಮೊದಲು ಬರ್ತಿದ್ದ ಅಕ್ಕ ಎರಡು ಸಲ ಬೀಸಿಸ್ಕೊಂಡು ಹೋಗ್ತಿದ್ರು. ಹಂಗೇ ಬೀಸ್ಲಾ?” ಎಂದು ಕೇಳಿದ. ಬೀಸಪ್ಪ, ಎಂದೆ.

ಕಾಗದಪತ್ರಗಳಲ್ಲಿಯೂ ಆಕೆ ಹೀಗೆಯೇ ಅಲ್ಲಲ್ಲಿ ಉಳಿದಿದ್ದರು. ಮನೆಯ ಅಡುಗೆ ಅನಿಲದ ಸಂಪರ್ಕ ಆಕೆಯ ಹೆಸರಿನಲ್ಲಿತ್ತು. ಸಿಲಿಂಡರಿನ ಸಂದೇಶ ಇವರ ಫೋನಿಗೆ ಬಂದರೂ ರಸೀದಿಯ ಮೇಲೆ ಆ ಹೆಸರೇ. ಇವರ ಜೀವವಿಮೆಯ ಪಾಲಿಸಿಯಲ್ಲಿ ನಾಮಿನಿಯೂ ಆಕೆಯೇ. ವಿಚ್ಛೇದನದ ತೀರ್ಪು ಬಂದ ಮಾತ್ರಕ್ಕೆ ವಿಮೆಯ ನಾಮನಿರ್ದೇಶನ ತಾನಾಗಿ ಬದಲಾಗುವುದಿಲ್ಲ, ಪಾಲಿಸಿದಾರರು ಅರ್ಜಿ ಕೊಟ್ಟು ಬದಲಾಯಿಸಬೇಕು ಎಂಬುದು ಆಡಿಟರ್ ಕಚೇರಿಯಲ್ಲಿ ದಿನವಿಡೀ ಇಂಥ ಕಾಗದಗಳ ನಡುವೆ ಕೂರುವ ನನಗೆ ಗೊತ್ತಿತ್ತು. ಎರಡನೆಯ ಮದುವೆಯಾಗುವವರು ಚಿನ್ನ ನೋಡುವ ಮೊದಲು ಈ ಒಂದು ಕೆಲಸ ಮಾಡಿಸಿಕೊಳ್ಳುವುದು ಒಳ್ಳೆಯದು. ಇವರು ಅರ್ಜಿ ತಂದರು. ನಾನೇ ತುಂಬಿದೆ. ನಾಮಿನಿಯ ಜಾಗದಲ್ಲಿ ನನ್ನ ಹೆಸರು ಬರೆಯಲು ಹೋದವಳು ಪೆನ್ನು ಎತ್ತಿ, ಮಗುವಿನ ಹೆಸರು ಬರೆದೆ. ಇದರಲ್ಲಿ ದೊಡ್ಡತನವೇನೂ ಇಲ್ಲ. ಇನ್ನೊಂದು ಪಾಲಿಸಿಯಲ್ಲಿ ನನ್ನ ಹೆಸರಿದೆ.

ಇವರ ಬಗ್ಗೆ ಹೇಳುವುದಾದರೆ, ನನ್ನ ಗೆಳತಿಯರೆಲ್ಲ ಹೊಟ್ಟೆಕಿಚ್ಚು ಪಡುವಂಥ ಗಂಡ. ಊಟವಾದ ಮೇಲೆ ತಟ್ಟೆಯನ್ನು ತಾವೇ ತೊಳೆದಿಡುತ್ತಾರೆ. ಬರುವುದು ಅರ್ಧ ಗಂಟೆ ತಡವಾದರೂ ಫೋನ್ ಮಾಡುತ್ತಾರೆ. ನಾನೂ ಅತ್ತೆಯೂ ಒಂದೇ ವಿಷಯಕ್ಕೆ ಬೇರೆ ಬೇರೆ ಮಾತು ಹೇಳಿದರೆ ಕೋಣೆಯೊಳಗೆ ಹೋಗಿ ಬಾಗಿಲು ಹಾಕಿಕೊಳ್ಳದೆ ಅಲ್ಲೇ ಕೂತು ಕೇಳುತ್ತಾರೆ. ಇದೆಲ್ಲ ಹುಟ್ಟುಗುಣವೆಂದು ನಾನು ಹಿಗ್ಗುತ್ತಿದ್ದಾಗ ನಾದಿನಿ ಒಂದು ದಿನ ಹೇಳಿದಳು: “ಅಣ್ಣ ಮೊದಲು ಹಿಂಗಿರಲಿಲ್ಲ ಅತ್ತಿಗೆ. ರಾತ್ರಿ ಹನ್ನೊಂದಾದ್ರೂ ಎಲ್ಲಿದಾನೆ ಅಂತ ಗೊತ್ತಿರ್ತಿರಲಿಲ್ಲ.” ರಾತ್ರಿ ಕೇಳಿದೆ. ಇವರು ಸ್ವಲ್ಪ ಹೊತ್ತು ಸುಮ್ಮನಿದ್ದು ಹೇಳಿದರು. ಕೌಟುಂಬಿಕ ನ್ಯಾಯಾಲಯದಲ್ಲಿ ಆಪ್ತಸಮಾಲೋಚಕರ ಎದುರು ಕೂರಿಸುತ್ತಾರಲ್ಲ, ಅಲ್ಲಿ ಆಕೆ ಒಂದು ಹಾಳೆ ತೆಗೆದು ಓದಿದ್ದರಂತೆ. ತಡವಾಗಿ ಬಂದ ರಾತ್ರಿಗಳು, ಉಂಡು ಬಿಟ್ಟೆದ್ದ ತಟ್ಟೆಗಳು, ಅಮ್ಮನಿಗೂ ಹೆಂಡತಿಗೂ ಮಾತಾದಾಗ ಮುಚ್ಚಿಕೊಂಡ ಬಾಗಿಲು. “ಅದರಲ್ಲಿ ಹೊಡೆದದ್ದಿಲ್ಲ, ಕುಡಿದದ್ದಿಲ್ಲ. ಓದಿ ಮುಗಿಸಿದಾಗ, ಇಷ್ಟೇನಾ ಅಂತ ನಾನು ಕೇಳಿಬಿಟ್ಟೆ. ಇಷ್ಟೇ, ಅಂದಳು. ಆಮೇಲೆ ಅವಳು ಒಂದು ಮಾತೂ ಆಡಲಿಲ್ಲ” ಎಂದರು. ಆ ಹಾಳೆ ಇವತ್ತಿಗೂ ಇವರಿಗೆ ಬಾಯಿಪಾಠ.

ಪುರಾಣದಲ್ಲಿ ಸಂಜ್ಞೆಯ ಕಥೆಯಿದೆ. ಸೂರ್ಯನ ಹೆಂಡತಿ ಸಂಜ್ಞೆ ಅವನ ಉರಿಯನ್ನು ತಾಳಲಾರದೆ ತನ್ನ ನೆರಳನ್ನೇ ತನ್ನ ಜಾಗದಲ್ಲಿ ನಿಲ್ಲಿಸಿ ಹೋಗುತ್ತಾಳೆ. ಆ ನೆರಳೇ ಛಾಯೆ, ಎರಡನೆಯ ಹೆಂಡತಿ. ಛಾಯೆ ಸಂಜ್ಞೆಯ ಮಕ್ಕಳನ್ನು ನೋಡಿಕೊಂಡಳು, ತನ್ನ ಮಕ್ಕಳು ಹುಟ್ಟಿದ ಮೇಲೆ ಭೇದ ಮಾಡಿದಳು, ಯಮನಿಗೂ ಅವಳಿಗೂ ಜಗಳವಾಗಿ ಗುಟ್ಟು ಬಯಲಾಯಿತು ಎಂದೆಲ್ಲ ಕಥೆ ಹೇಳುವವರು ಹೇಳುತ್ತಾರೆ. ಆಮೇಲೆ ಸಂಜ್ಞೆಯ ತಂದೆ ವಿಶ್ವಕರ್ಮ ಸೂರ್ಯನನ್ನು ಸಾಣೆಗೆ ಹಿಡಿದು ಅವನ ತೇಜಸ್ಸನ್ನು ತಗ್ಗಿಸುತ್ತಾನೆ. ಉದುರಿದ ಚೂರುಗಳಿಂದ ವಿಷ್ಣುವಿಗೆ ಚಕ್ರ, ಶಿವನಿಗೆ ತ್ರಿಶೂಲ ಆದವು. ಪುರಾಣದ ಸೂರ್ಯ ಸಾಣೆ ಹಿಡಿಸಿಕೊಂಡು ಸಂಜ್ಞೆಯ ಬಳಿಗೇ ಹೋದ. ನಮ್ಮ ಮನೆಯಲ್ಲಿ ಕಥೆ ತಿರುಗಿತು. ಸಾಣೆಯ ಕಲ್ಲು ತಿರುಗಿಸಿದವರು ಆಕೆ, ಕೈ ಸುಟ್ಟುಕೊಂಡವರೂ ಆಕೆಯೇ, ನುಣುಪಾದ ಮೇಲೆ ಬಂದು ಪಕ್ಕದಲ್ಲಿ ಕೂತವಳು ನಾನು. ಇವರು ಆಕೆಯನ್ನು ಇನ್ನೂ ನೆನೆಯುತ್ತಾರೇನೋ ಎಂಬ ಸಂಕಟ ನನಗೆ ಮೊದಲು ಇದ್ದದ್ದು ನಿಜ. ಆ ರಾತ್ರಿಯ ನಂತರ ಬಂದ ಸಂಕಟ ಬೇರೆ: ಇವರು ಸಿಂಕಿನ ಮುಂದೆ ನಿಂತು ತಟ್ಟೆ ತೊಳೆಯುವಾಗ, ಅದು ನನಗೆ ಸೇರಬೇಕಾದದ್ದೇ ಅಲ್ಲವೇನೋ ಎಂಬಂತೆ ನಾನು ಮುಖ ತಿರುಗಿಸುತ್ತಿದ್ದೆ.

ಮಗು ತಾಯಿಯ ಜೊತೆಗಿದೆ. ತಿಂಗಳಿಗೆ ಎರಡು ಶನಿವಾರ, ದಸರಾ ರಜೆಯಲ್ಲಿ ಅರ್ಧ, ಬೇಸಗೆಯಲ್ಲಿ ಹದಿನೈದು ದಿನ ನಮ್ಮ ಮನೆಗೆ ಬರುತ್ತದೆ. ಬಂದ ಹೊಸತರಲ್ಲಿ ನನ್ನನ್ನು ‘ಆಂಟಿ’ ಎನ್ನುತ್ತಿದ್ದಳು. ಅದಕ್ಕಿಂತ ಹೆಚ್ಚಿನದನ್ನು ನಾನು ನಿರೀಕ್ಷಿಸಿಯೂ ಇರಲಿಲ್ಲ. ಒಂದು ಶನಿವಾರ ಶಾಲೆಯ ಚೀಲವನ್ನು ಸೋಫಾದ ಮೇಲೆ ಎಸೆದು, “ಚಿಕ್ಕಮ್ಮ, ಹಸಿವು” ಎಂದಳು. ಕೈಯಲ್ಲಿದ್ದ ದೋಸೆಯ ಸೌಟು ಹಾಗೇ ನಿಂತಿತು. ಹಾಗೆ ಕರೆಯಲು ಯಾರು ಹೇಳಿದರೆಂದು ಕೇಳಿದೆ. “ಅಮ್ಮ. ಆಂಟಿ ಅನ್ನಬೇಡ, ಅವರೇನು ಪಕ್ಕದ ಮನೆಯವರಲ್ಲ ಅಂದ್ರು.”

ಚಿಕ್ಕಮ್ಮ ಎಂಬ ಪದ ಕನ್ನಡದಲ್ಲಿ ಮೂರು ಕಡೆ ಸಲ್ಲುತ್ತದೆ: ತಾಯಿಯ ತಂಗಿಗೆ, ಚಿಕ್ಕಪ್ಪನ ಹೆಂಡತಿಗೆ, ತಂದೆಯ ಎರಡನೆಯ ಹೆಂಡತಿಗೆ. ಮಲತಾಯಿ ಎಂಬ ಒರಟು ಪದವನ್ನು ಬಾಯಿಗೆ ತರಲಾರದೆ ಹಿಂದಿನವರು ಮಾಡಿಕೊಂಡ ಏರ್ಪಾಡು ಇದಿರಬೇಕು ಎಂದು ನನಗನ್ನಿಸುತ್ತದೆ. ಆದರೆ ಒಂದು ಸಂಬಂಧವಾಚಕ ಬಂದರೆ ಅದು ಒಂಟಿಯಾಗಿ ಬರುವುದಿಲ್ಲ, ಹಿಂದಿನ ಕೊಂಡಿಯನ್ನೂ ಎಳೆದುಕೊಂಡು ಬರುತ್ತದೆ. ಮಗುವಿಗೆ ನಾನು ಚಿಕ್ಕಮ್ಮನಾದರೆ ಮಗುವಿನ ತಾಯಿ ನನಗೆ ಅಕ್ಕನಾಗಬೇಕು. ಮಿಲ್ಲಿನವನು ಅಕ್ಕ ಎಂದದ್ದು ಸುಮ್ಮನೆ ಗೌರವಕ್ಕೆ. ನಾನು ಅಂದರೆ ಅದು ಸಂಬಂಧ. ಈವರೆಗೆ ನಾನು ಅಂದಿಲ್ಲ. ‘ನೀವು’ ಎಂದು ಶುರುಮಾಡಿ ಆ ಪದದ ಜಾಗವನ್ನು ಬಿಟ್ಟು ಮುಂದಕ್ಕೆ ಹೋಗುತ್ತೇನೆ, ಅತ್ತೆ ಕೆಮ್ಮುತ್ತಾರಲ್ಲ, ಹಾಗೆ.

ಆಕೆಯನ್ನು ಹತ್ತಿರದಿಂದ ನೋಡಿದ್ದೂ ಅಂಥ ಒಂದು ಶನಿವಾರವೇ. ಇವರು ಮನೆಯಲ್ಲಿರಲಿಲ್ಲ, ಗೇಟು ತೆಗೆಯಲು ನಾನೇ ಹೋದೆ. ಸ್ಕೂಟರಿನ ಮೇಲೆ ಕುಳಿತೇ ಹೆಲ್ಮೆಟ್ ತೆಗೆದರು. ಅಲ್ಬಮ್ಮು ನೋಡದಿದ್ದರೂ ನನ್ನ ತಲೆಯಲ್ಲಿ ಒಂದು ಚಿತ್ರವಿತ್ತು: ಎತ್ತರದ ನಿಲುವು, ಇಸ್ತ್ರಿ ಮಾಡಿದ ಹತ್ತಿ ಸೀರೆ, ಎಲ್ಲವೂ ಗೊತ್ತಿರುವ ಮುಖ. ಎದುರಿಗಿದ್ದವರು ನನಗಿಂತ ಎರಡಂಗುಲ ಗಿಡ್ಡ, ಹೆಲ್ಮೆಟ್ಟಿನಿಂದ ಕೂದಲು ಅಂಟಿಹೋಗಿತ್ತು, ಎಡಗಾಲಿನ ಚಪ್ಪಲಿಯ ಬಾರು ಕಿತ್ತುಹೋಗಿ ಅದನ್ನು ಒಂದು ಸೇಫ್ಟಿ ಪಿನ್ನಿನಿಂದ ಹಿಡಿದು ನಿಲ್ಲಿಸಿದ್ದರು. “ಕೆಮ್ಮಿದೆ. ಐಸ್‌ಕ್ರೀಮ್ ಕೇಳ್ತಾಳೆ, ಕೊಡಬೇಡಿ. ಔಷಧಿ ಚೀಲದ ಹೊರಗಿನ ಜೇಬಲ್ಲಿದೆ, ಊಟ ಆದ್ಮೇಲೆ ಐದು ಎಂ.ಎಲ್.” ಎಂದರು. ಆಗಲಿ ಎಂದೆ. ಆಕೆ ಹೋದ ಮೇಲೂ ನನಗೆ ಆ ಪಿನ್ನೇ ಕಣ್ಣಮುಂದಿತ್ತು. ಎರಡು ವರ್ಷ ನಾನು ಹೆದರಿದ್ದು ಈ ಚಪ್ಪಲಿಯವರಿಗೆ.

ಈಗ ಮತ್ತೆ ಗೊಂಬೆಗಳಿಗೆ ಬರುತ್ತೇನೆ. ಮೊದಲ ದಸರಾದಲ್ಲಿ ಆ ರಟ್ಟಿನ ಡಬ್ಬ ಹಾಗೆಯೇ ಮಂಚದ ಕೆಳಗೆ ಹೋಗಿ, ಹಬ್ಬ ಮುಗಿದ ಮೇಲೆ ಅಟ್ಟ ಸೇರಿತು. ಪಟ್ಟದ ಗೊಂಬೆಯನ್ನು ಎಸೆಯುವಂತಿಲ್ಲ, ಯಾರಿಗಾದರೂ ಕೊಡುವಂತೆಯೂ ಇಲ್ಲ, ಕೂರಿಸಲು ಮನಸ್ಸಿಲ್ಲ. ಬೇರೆಯಾಗುವಾಗ ಆಕೆಯ ಸಾಮಾನುಗಳನ್ನೆಲ್ಲ ಪಟ್ಟಿ ಮಾಡಿ ಹಿಂದಿರುಗಿಸಿದ್ದರು; ಸ್ತ್ರೀಧನ ಹೆಂಡತಿಯ ಸ್ವಂತ ಸ್ವತ್ತು, ಗಂಡನ ಮನೆಯಲ್ಲಿದ್ದ ಮಾತ್ರಕ್ಕೆ ಅದು ಗಂಡನದಾಗುವುದಿಲ್ಲ ಎಂದು ಸುಪ್ರೀಂ ಕೋರ್ಟ್ 1985ರಲ್ಲೇ ಹೇಳಿದೆ. ಆ ಪಟ್ಟಿಯನ್ನು ನಾನು ನೋಡಿದ್ದೇನೆ. ಚಿನ್ನ ಬೆಳ್ಳಿ ಗ್ರಾಂ ಲೆಕ್ಕದಲ್ಲಿದ್ದವು, ಸ್ಟೀಲು ಹಿತ್ತಾಳೆ ಪಾತ್ರೆಗಳು ಎಣಿಕೆಯಲ್ಲಿದ್ದವು, ಹೊಲಿಗೆ ಯಂತ್ರ ಕೂಡ ಇತ್ತು. ಎರಡು ಮರದ ಗೊಂಬೆಗಳನ್ನು ಎರಡು ಕಡೆಯ ವಕೀಲರೂ ನೆನೆದಿರಲಿಲ್ಲ.

ಎರಡನೆಯ ದಸರಾದಲ್ಲಿ ಮಗು ನಮ್ಮ ಮನೆಯಲ್ಲಿತ್ತು. ನಾನು ಪೆಟ್ಟಿಗೆ ಇಳಿಸುವಾಗ ಅವಳೇ ಡಬ್ಬದ ಮುಚ್ಚಳ ತೆಗೆದಳು. “ಅದನ್ನ ತೆಗೀಬೇಡ ಪುಟ್ಟಿ” ಎಂದು ಅತ್ತೆ ಹೇಳುವಷ್ಟರಲ್ಲಿ ಪಂಚೆ ಬಿಚ್ಚಿಯಾಗಿತ್ತು. ರಾಜನಿಗೆ ಜರಿಯ ಪೇಟ, ಒಂದು ಕಡೆ ಸಡಿಲವಾಗಿತ್ತು. ರಾಣಿಗೆ ಗಿಳಿಹಸಿರು ರೇಷ್ಮೆಯ ಸೀರೆ, ಕೆಂಪು ರವಿಕೆ. ರವಿಕೆಯ ಬೆನ್ನಿಗೆ ಸಾಸಿವೆ ಗಾತ್ರದ ಎರಡು ಹುಕ್ಕುಗಳಿದ್ದವು. ತೋಳಿನ ಅಂಚನ್ನು ಮಡಿಸಿ ಕೈಯಲ್ಲಿ ಹೊಲಿದಿದ್ದರು, ಒಂದೊಂದು ಹೊಲಿಗೆಯೂ ಜೀರಿಗೆ ಕಾಳಿಗಿಂತ ಚಿಕ್ಕದು. ನನ್ನ ರಾಣಿಗೆ ನಾನು ಅಂಗಡಿಯಿಂದ ತಂದ ಬಟ್ಟೆಯನ್ನು ಗೋಂದು ಹಾಕಿ ಅಂಟಿಸಿದ್ದೆ.

ಎಲ್ಲರೂ ನನ್ನ ಮುಖ ನೋಡುತ್ತಿದ್ದಾರೆಂದು ಗೊತ್ತಾಯಿತು. “ಕೂರಿಸೋಣ” ಎಂದೆ. ಯಾವ ಜಾಗದಲ್ಲಿ ಎಂಬ ಪ್ರಶ್ನೆ ಬಂತು. ಕಲಶದ ಪಕ್ಕದಲ್ಲಿ ಅತ್ತೆಯ ಜೋಡಿ. ಅದರ ಪಕ್ಕಕ್ಕೆ ನನ್ನದನ್ನು ಇಟ್ಟು, ಇದನ್ನು ಕೊನೆಗೆ ಇಡೋಣವೆಂದು ಅತ್ತೆ ಮೆಲ್ಲಗೆ ಹೇಳಿದರು. ಅದು ನನ್ನ ಮೇಲಿನ ಪ್ರೀತಿಯಿಂದ ಹೇಳಿದ್ದು. ಮೇಲಿನ ಮೆಟ್ಟಿಲಿನಲ್ಲಿ ಮನೆಗೆ ಬಂದ ಸರದಿಯಂತೆಯೇ ಕೂರಿಸುವುದು ಅವರ ಮನೆಯ ಪದ್ಧತಿಯೆಂದು ಅವರೇ ಹಿಂದಿನ ವರ್ಷ ನನಗೆ ಹೇಳಿಕೊಟ್ಟಿದ್ದರು, ಸರದಿಯಂತೆಯೇ ಇಟ್ಟೆ. ನನ್ನದು ಮೂರನೆಯ ಜೋಡಿ.

ಪಂಚಮಿಯ ಸಂಜೆ ಅರಿಶಿನ ಕುಂಕುಮಕ್ಕೆ ಬಂದವರಲ್ಲಿ ಒಬ್ಬರು ಹತ್ತಿರ ಬಗ್ಗಿ ನೋಡಿ, “ಈ ಹಸಿರು ಸೀರೇದು ಯಾರ ಜೋಡಿ? ಎಷ್ಟು ಚೆನ್ನಾಗಿ ಉಡಿಸಿದೀರಿ” ಎಂದರು. ಅವರಿಗೆ ಗೊತ್ತಿಲ್ಲದೆ ಕೇಳಿದರೋ ಗೊತ್ತಿದ್ದೇ ಕೇಳಿದರೋ, ನಾನು ಕೋಸಂಬರಿಯ ದೊನ್ನೆ ಕೊಡುತ್ತ, “ನಮ್ಮ ಮಗುವಿನ ತಾಯಿಯದು” ಎಂದೆ. ಕೆಮ್ಮು ಬರುತ್ತದೆಂದು ಕಾದೆ. ಬರಲಿಲ್ಲ. ಎಲ್ಲರೂ ಹೋದ ಮೇಲೆ, ದೀಪದ ಬತ್ತಿ ಸರಿಮಾಡುತ್ತ, ನನ್ನ ಕಡೆ ನೋಡದೆ, ಅತ್ತೆ ಆ ಹೆಸರನ್ನು ಹೇಳಿದರು. ಮೂರಕ್ಷರದ, ತೀರ ಸಾಮಾನ್ಯವಾದ ಹೆಸರು. ಆ ಸೀರೆ ಹೊಲಿಯುವಾಗ ಅವಳಿಗೆ ಏಳು ತಿಂಗಳು, ಕಾಲು ಊದಿಕೊಂಡಿತ್ತು, ಬೇಡವೆಂದರೂ ಕೇಳದೆ ಮೂರು ರಾತ್ರಿ ಕೂತು ಹೊಲಿದಳು ಎಂದರು. ನನಗೆ ಆ ಹೆಸರು ಮೊದಲಿಂದ ಗೊತ್ತಿತ್ತು, ಗ್ಯಾಸಿನ ರಸೀದಿಯಲ್ಲಿ ಓದಿದ್ದೆ. ಒಬ್ಬರ ಬಾಯಿಂದ ಕೇಳಿದ್ದು ಅದೇ ಮೊದಲು.

ವಿಜಯದಶಮಿಯ ರಾತ್ರಿ ಮೂರೂ ಜೋಡಿಗಳನ್ನು ಮಲಗಿಸಿದೆವು. ಅಟ್ಟಕ್ಕೆ ಸೇರಿಸುವ ಮುಂಚೆ ಇವರೊಡನೆ ಮಾತಾಡಿದೆ: ಪಟ್ಟಿಯಲ್ಲಿ ಬಿಟ್ಟುಹೋದ ಮಾತ್ರಕ್ಕೆ ಇದು ನಮ್ಮದಾಗುವುದಿಲ್ಲ, ತಾಯಿಯ ಗೊಂಬೆ ಮಗಳಿಗೆ ಹೋಗಬೇಕಾದದ್ದು, ಕಳಿಸಿಬಿಡೋಣ. ಇವರು ಒಪ್ಪಿದರು. ಅದೇ ಪಂಚೆಯಲ್ಲಿ ಸುತ್ತಿ, ಬೇವಿನ ಎಲೆ ಹಾಕಿ, ಮಗುವಿನ ಚೀಲದಲ್ಲಿ ಬಟ್ಟೆಗಳ ನಡುವೆ ಇಟ್ಟು ಕಳಿಸಿದೆ. ಒಂದು ಚೀಟಿ ಬರೆಯಬೇಕೆಂದು ಕೂತೆ. ಸಂಬೋಧನೆಯ ಜಾಗದಲ್ಲೇ ಪೆನ್ನು ನಿಂತಿತು, ಬರೆಯಲಿಲ್ಲ.

ಹದಿನೈದು ದಿನ ಕಳೆದು ಶನಿವಾರ ಮಗು ಬಂದಳು. ಚೀಲದಲ್ಲಿ ಒಂದು ಹೊಸ ಟವೆಲಿನ ಸುರುಳಿಯಿತ್ತು. ಬಿಚ್ಚಿದರೆ ರಾಜ. ಸಡಿಲವಾಗಿದ್ದ ಪೇಟವನ್ನು ಹೊಸ ದಾರದಿಂದ ಬಿಗಿದು ಹೊಲಿದಿದ್ದರು. ಕೆಳಗೆ ಮೇಲೆ ಹುಡುಕಿದರೂ ರಾಣಿ ಇರಲಿಲ್ಲ.

“ಅಮ್ಮ ರಾಣೀನ ಇಟ್ಕೊಂಡ್ರು. ರಾಜ ಅಲ್ಲೇ ಇರ್ಲಿ ಅಂದ್ರು.”

ಅತ್ತೆಗೆ ಆದ ಗಾಬರಿಯನ್ನು ಏನು ಹೇಳಲಿ. ಪಟ್ಟದ ಜೋಡಿಯನ್ನು ಒಡೆಯುವುದೆಂದರೇನು, ಇಂಥದ್ದನ್ನು ತಾವು ಕಂಡೂ ಇಲ್ಲ ಕೇಳಿಯೂ ಇಲ್ಲ, ನಾಳೆ ಮಗುವಿಗೆ ಏನಾದರೂ ಆದರೆ ಎಂದು ಶುರುಮಾಡಿದರು. ಇವರು ಟವೆಲಿನ ಮೇಲೆ ಮಲಗಿದ್ದ ರಾಜನನ್ನು ಒಂದು ಕ್ಷಣ ನೋಡಿದರು, ಆಮೇಲೆ ನಗತೊಡಗಿದರು. ಆ ವಿಷಯದಲ್ಲಿ ಇವರು ನಕ್ಕದ್ದನ್ನು ನಾನು ನೋಡಿದ್ದು ಅದೇ ಮೊದಲು; ಕಣ್ಣಲ್ಲಿ ನೀರು ಬರುವಷ್ಟು ನಕ್ಕರು. ಮಗುವೂ ನಕ್ಕಳು. ನನಗೂ ತಡೆಯಲಾಗಲಿಲ್ಲ.

ಈ ವರ್ಷದ ಪಾಡ್ಯ ಮೊನ್ನೆ ಆಯಿತು. ಒಂಟಿ ರಾಜನನ್ನು ಮೇಲಿನ ಮೆಟ್ಟಿಲಿನಲ್ಲಿ ಕೂರಿಸಕೂಡದೆಂದು ಅತ್ತೆ ಖಡಾಖಂಡಿತವಾಗಿ ಹೇಳಿದರು. ನನ್ನ ಜೋಡಿ ಈಗ ಎರಡನೆಯ ಜಾಗಕ್ಕೆ ಸರಿದಿದೆ. ರಾಣಿಯ ಸುದ್ದಿಯನ್ನು ಮಗು ತಂದಿದ್ದಾಳೆ: ಅಮ್ಮನ ಮನೆಯಲ್ಲಿ ಟೀವಿಯ ಪಕ್ಕದ ಮೇಜಿನ ಮೇಲೆ ನಿಂತಿದ್ದಾಳಂತೆ, ಈ ಸಲ ನೇರಳೆ ಬಣ್ಣದ ಸೀರೆಯಂತೆ. ರಾಜನ ಜಾಗವನ್ನು ಮಗುವೇ ಹುಡುಕಿದಳು. ಕೆಳಗಿನ ಮೆಟ್ಟಿಲಿನಲ್ಲಿ ಶೆಟ್ಟಿ ಶೆಟ್ಟಿತಿಯರ ಅಂಗಡಿಯಿದೆ, ಎದುರಿಗೆ ಪುಟ್ಟ ಪುಟ್ಟ ಬಟ್ಟಲುಗಳಲ್ಲಿ ಅಕ್ಕಿ, ಬೇಳೆ, ಬೆಲ್ಲ, ರವೆ ಇಟ್ಟಿದ್ದೇವೆ. ಬೆಂಕಿಪೊಟ್ಟಣಕ್ಕೆ ದಾರ ಕಟ್ಟಿ ಒಂದು ಕೈಚೀಲ ಮಾಡಿ ರಾಜನ ತೋಳಿಗೆ ಸಿಕ್ಕಿಸಿದ್ದಾಳೆ. ಜರಿಪೇಟ ಸುತ್ತಿಕೊಂಡ ರಾಜ ಈಗ ತಕ್ಕಡಿಯ ಮುಂದೆ, ಒಬ್ಬ ಹಾವಾಡಿಗನ ಹಿಂದೆ, ಸಾಮಾನು ಕೊಳ್ಳಲು ಸರದಿಯಲ್ಲಿ ನಿಂತಿದ್ದಾನೆ.